ಕಿಡಿಯೊ ಹಿಟ್ಟು, ಲೂಕನ ಸುವಾರ್ತೆ

ನವೆಂಬರ್ ಮುಗಿಯುತ್ತಾ ಬಂದ ಹಾಗೆ ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಕ್ರಿಸ್ಮಸ್ ಪೂರ್ತಿ ವ್ಯಾಪಾರ ಆಗಿಹೋಯಿತು, ಸಾಂತಾ ಕ್ಲಾಸ್ ಬಂದು ಯೇಸುವನ್ನು ಮೂಲೆಗೆ ತಳ್ಳಿದ, ಹಬ್ಬ ಈಗ ಮಾಲ್‌ಗಳಲ್ಲಿ ಮಾತ್ರ ಅಂತ. ನಾವು ತಲೆಯಾಡಿಸಿ ಮನೆಗೆ ಬರುತ್ತೇವೆ.

ನನಗೆ ಈ ದೂರು ಅರ್ಧ ಮಾತ್ರ ನಿಜ ಅನಿಸುತ್ತದೆ. ಡಿಸೆಂಬರಿನಲ್ಲಿ ನಮ್ಮ ಮನೆಯವರು ಮಾಲ್‌ಗೆ ಹೋಗುವುದು ಜಾಸ್ತಿ ಅಂದರೆ ಒಂದು ಸಂಜೆ. ಉಳಿದ ಸಂಜೆಗಳೆಲ್ಲ ಎಲ್ಲಿ ಹೋಗುತ್ತವೆ? ಕ್ವಾಯರ್ ಪ್ರಾಕ್ಟೀಸಿಗೆ. ಸಂಡೇ ಸ್ಕೂಲಿನ ನಾಟಕಕ್ಕೆ. ಮನೆಮನೆಗೆ ಹೋಗುವ ಕ್ಯಾರಲ್ಸ್‌ಗೆ. ಸ್ತ್ರೀಯರ ಕೂಟ, ಯುವಜನರ ಕೂಟ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಸ್ಪರ್ಧೆ, ನಕ್ಷತ್ರ ಸ್ಪರ್ಧೆ, ಪಕ್ಕದ ಸಭೆಯವರ ಕಾರ್ಯಕ್ರಮ. ಅವರು ನಮ್ಮಲ್ಲಿಗೆ ಬಂದಿದ್ದರು, ನಾವು ಹೋಗದೆ ಇದ್ದರೆ ಹೇಗೆ? ಇಪ್ಪತ್ತನಾಲ್ಕನೇ ತಾರೀಕು ಬರುವಷ್ಟರಲ್ಲಿ ಹಾಡುವವರ ಗಂಟಲು ಕೂತಿರುತ್ತದೆ, ಮಕ್ಕಳಿಗೆ ನಿದ್ದೆ ಸಾಲದೆ ಜ್ವರ ಶುರುವಾಗಿರುತ್ತದೆ.

ಇದೆಲ್ಲ ಯೇಸುವಿನ ಹೆಸರಿನಲ್ಲೇ ನಡೆಯುವುದು. ಅದೇ ತಮಾಷೆ. ವ್ಯಾಪಾರಿಯನ್ನು ಬೈಯುವುದು ಸುಲಭ. ನಮ್ಮದೇ ಭಕ್ತಿಯ ಗಡಿಬಿಡಿಯನ್ನು ಯಾರು ಬೈಯಬೇಕು? ತಿಂಗಳಿಡೀ ಯೇಸುವಿನ ಹುಟ್ಟಿನ ಬಗ್ಗೆ ಹಾಡಿ, ನಾಟಕ ಮಾಡಿ, ಸ್ಪರ್ಧೆ ಗೆದ್ದು, ಆ ಹುಟ್ಟಿನ ಕಥೆಯನ್ನು ಮನೆಯಲ್ಲಿ ಒಟ್ಟಿಗೆ ಕೂತು ಒಂದು ಸಲವೂ ಪೂರ್ತಿ ಓದದೆ ಹಬ್ಬ ಮುಗಿಸುವ ಕುಟುಂಬಗಳು ಎಷ್ಟಿಲ್ಲ? ನಮ್ಮದೂ ಬಹಳ ಕಾಲ ಅಂಥದ್ದೇ ಮನೆಯಾಗಿತ್ತು.

ನಮ್ಮದು ಮಂಗಳೂರಿನ ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆ) ಕುಟುಂಬ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಇಲ್ಲಿಗೆ ಬಂದ ಕಥೆ, 1841ರಲ್ಲಿ ಪ್ರೆಸ್ ಶುರುವಾದ ಕಥೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದ ಕಥೆ ಇಲ್ಲಿಯವರಿಗೆ ಹೊಸದಲ್ಲ. ನನಗೆ ಅದರಲ್ಲಿ ಇಷ್ಟವಾಗುವುದು ಇನ್ನೊಂದು ಸಂಗತಿ. ಅವರು ಈ ಕಥೆಯನ್ನು ಮನೆಯೊಳಗೆ ಸೇರಿಸಲು ಪಟ್ಟ ಪಾಡು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ಕ್ಕೇ ಸಿದ್ಧವಾಗಿತ್ತು, ಕನ್ನಡ ಲಿಪಿಯಲ್ಲಿ. ನಿಘಂಟಿನ ಕಿಟ್ಟೆಲ್ ಅಂದರೆ ಎಲ್ಲರಿಗೂ ಗೊತ್ತು. ಆ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೆ ಎಷ್ಟೋ ಮೊದಲು, 1862ರಲ್ಲಿ, ಅದೇ ಕಿಟ್ಟೆಲ್ ಯೇಸುವಿನ ಬದುಕನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ ಎಂದು ಬರೆದಿದ್ದರು. ಹರಿಕಥೆ, ಯಕ್ಷಗಾನ, ತುಳು ಪಾಡ್ದನದ ಹಾಡು ಕೇಳಿ ಬೆಳೆದ ಜನರ ನಾಲಿಗೆಯ ಮೇಲೆ ಈ ಕಥೆಯೂ ಉಳಿಯಬೇಕು ಅಂದರೆ ಪದ್ಯವೇ ಸರಿ ಅಂತ ಅವರಿಗೆ ಅನಿಸಿರಬೇಕು.

ನನ್ನ ಅತ್ತೆಯ ತಲೆಮಾರಿನವರಿಗೆ ಆ ಅಭ್ಯಾಸ ಇನ್ನೂ ಇದೆ. ಲೂಕನ ಎರಡನೇ ಅಧ್ಯಾಯದ ಅರ್ಧ ಅವರಿಗೆ ಬಾಯಿಪಾಠ. ನನಗೆ ಬರುವುದಿಲ್ಲ. ನನ್ನ ಮಕ್ಕಳಿಗಂತೂ ಕ್ರಿಸ್ಮಸ್ ಕಥೆ ಅಂದರೆ ನಾಟಕದಲ್ಲಿ ಯಾರು ಯಾವ ಪಾರ್ಟು ಮಾಡಿದರು ಅನ್ನುವುದೇ ಕಥೆ. ಮಗ ಒಂದು ವರ್ಷ ಕುರಿಯಾಗಿದ್ದ. ಅವನಿಗೆ ನೆನಪಿರುವುದು ಹತ್ತಿಯ ತುರಿಕೆ ಮಾತ್ರ.

ಈಗ ಅಡುಗೆಮನೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಕ್ರಿಸ್ಮಸ್ಸಿನಲ್ಲಿ ವಿಶ್ವಾಸ ಅಂತ ಬರೆದರೆ ಅದು ಬರೀ ಉಪದೇಶ ಆಗುತ್ತದೆ. ಕ್ರಿಸ್ತನು ಹಬ್ಬದ ನಡುವೆ ಇರಬೇಕು ಎಂದು ಜೋರಾಗಿ ಹೇಳುವವರು ಹೆಚ್ಚಾಗಿ ಗಂಡಸರು. ಆ ಹೊತ್ತಿಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ, ಹಾಲು ಹಿಂಡುತ್ತಾ, ಎಣ್ಣೆಯ ಮುಂದೆ ನಿಂತಿರುವವರು ಹೆಂಗಸರು. ಯೇಸು ಊಟಕ್ಕೆ ಹೋದ ಮನೆಯ ಅಕ್ಕತಂಗಿ ಮಾರ್ಥ ಮತ್ತು ಮರಿಯಳ (ಇವಳು ಯೇಸುವಿನ ತಾಯಿ ಮರಿಯಳಲ್ಲ) ಕಥೆಯನ್ನು ನಮಗೆ ಎಷ್ಟು ಸಲ ಹೇಳಿಲ್ಲ! ಮಾರ್ಥಳೇ, ಅನೇಕ ವಿಷಯಗಳ ಚಿಂತೆ ನಿನಗೆ ಯಾಕೆ, ಮರಿಯಳ ಹಾಗೆ ಯೇಸುವಿನ ಪಾದದ ಹತ್ತಿರ ಕೂತುಕೋ ಅಂತ. ಸರಿ. ಆದರೆ ಇಬ್ಬರೂ ಕೂತುಬಿಟ್ಟರೆ ಊಟ ಯಾರು ಬಡಿಸುತ್ತಾರೆ ಎಂದು ಪ್ರಸಂಗದಲ್ಲಿ ಯಾರೂ ಹೇಳುವುದಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದ ಶಿಷ್ಯನ ಬಗ್ಗೆ ಲೂಕನೂ ಬರೆದಿಲ್ಲ.

ತಿಂಡಿ ಕಡಿಮೆ ಮಾಡಿ ಪ್ರಾರ್ಥನೆ ಜಾಸ್ತಿ ಮಾಡೋಣ ಎಂಬ ಸಲಹೆಯೂ ನಮ್ಮಲ್ಲಿ ಬಂದಿತ್ತು. ಬೇಕರಿಯಿಂದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಪೊಟ್ಟಣ ತಂದರೆ ಆಯಿತಲ್ಲ, ಸಮಯ ಉಳಿಯುತ್ತದೆ. ಹಾಗೆ ತಂದ ವರ್ಷಗಳೂ ಇವೆ. ಉಳಿದ ಸಮಯ ಪ್ರಾರ್ಥನೆಗೆ ಹೋಯಿತಾ? ಎಲ್ಲಿ! ಟಿವಿಗೆ, ಫೋನಿಗೆ ಹೋಯಿತು.

ಆಮೇಲೆ ನಾವು ಮಾಡಿದ್ದು ತೀರಾ ಸಣ್ಣ ಕೆಲಸ. ಕಿಡಿಯೊ ಮಾಡುವ ದಿನ ಮೇಜಿನ ಸುತ್ತ ಎಲ್ಲರೂ ಕೂರುವುದು, ಒಬ್ಬರು ಸತ್ಯವೇದ (ಬೈಬಲ್) ಓದುವುದು. ಇದು ಯಾರ ಐಡಿಯಾ ಎನ್ನುವುದರ ಬಗ್ಗೆ ಮನೆಯಲ್ಲಿ ಜಗಳ ಇದೆ. ಅತ್ತೆ ತಮ್ಮದು ಎನ್ನುತ್ತಾರೆ. ನನ್ನ ಗಂಡನೂ ಹಾಗೇ ಹೇಳುತ್ತಾನೆ. ಪಕ್ಕದ ಮನೆಯ ಬಾಯಿ (ಕೊಂಕಣಿ ಕ್ಯಾಥೊಲಿಕ್ ಹೆಂಗಸರನ್ನು ನಾವು ಕರೆಯುವುದು ಹೀಗೆ) ಮಾತ್ರ ತಮ್ಮಲ್ಲಿ ಜಪಮಾಲೆ ಹೇಳಿಕೊಂಡು ನೆವ್ರಿ ಎಂಬ ಸಿಹಿ ಕಡುಬು ಮಡಚುವುದು ಮೊದಲಿಂದಲೂ ಇದೆ, ಇದರಲ್ಲಿ ಹೊಸದೇನು ಎನ್ನುತ್ತಾರೆ.

ಕಿಡಿಯೊ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೈದಾ, ತೆಂಗಿನ ಹಾಲು, ಮೊಟ್ಟೆ, ಸ್ವಲ್ಪ ಸಕ್ಕರೆ, ಉಪ್ಪು ಹಾಕಿ ನಾದಿದ ಹಿಟ್ಟು. ಅದರಿಂದ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಹರಿದು, ಫೋರ್ಕಿನ ಬೆನ್ನಿನ ಮೇಲೆ ಅಥವಾ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು. ಗೀರುಗೀರಾದ ಹುಳದ ಹಾಗೆ ಕಾಣುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಒಂದು ಕಿಲೋ ಮೈದಾಕ್ಕೆ ಎಷ್ಟು ಕಿಡಿಯೊ ಬರುತ್ತದೆ ಅಂತ ಎಣಿಸುವ ಧೈರ್ಯ ಯಾರಿಗೂ ಇಲ್ಲ. ಒಬ್ಬರೇ ಕೂತರೆ ಬೆನ್ನು ಹೋಗುತ್ತದೆ. ಐದಾರು ಜನ ಕೂತರೆ ಒಂದು ಮಧ್ಯಾಹ್ನದ ಕೆಲಸ. ಓದಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಕೈಗೆ ಕೆಲಸ, ಕಿವಿಗೆ ಬಿಡುವು. ಮುಖ್ಯವಾಗಿ ಎಲ್ಲರ ಕೈಗೆ ಹಿಟ್ಟು, ಎಣ್ಣೆ ಮೆತ್ತಿರುತ್ತದೆ. ಫೋನ್ ಮುಟ್ಟುವ ಹಾಗಿಲ್ಲ.

ಶುರು ಮಾಡುವಾಗ ಒಂದೇ ನಿಯಮ ಇಟ್ಟುಕೊಂಡೆವು. ಏನನ್ನೂ ಹಾರಿಸುವಂತಿಲ್ಲ. ಮತ್ತಾಯನ ಮೊದಲ ಎರಡು ಅಧ್ಯಾಯ, ಲೂಕನ ಮೊದಲ ಎರಡು ಅಧ್ಯಾಯ. ಹುಟ್ಟಿನ ಕಥೆ ಇರುವುದೇ ಅಷ್ಟರಲ್ಲಿ. ಮಾರ್ಕನಲ್ಲಿ ಹುಟ್ಟಿನ ಕಥೆಯೇ ಇಲ್ಲ. ಅವನು ನೇರವಾಗಿ ಯೊರ್ದನ್ ಹೊಳೆಗೆ ಕರೆದುಕೊಂಡು ಹೋಗುತ್ತಾನೆ. ಯೋಹಾನನಲ್ಲೂ ಗೋದಲಿ ಇಲ್ಲ, ಕುರುಬರಿಲ್ಲ. ಈ ನಾಲ್ಕು ಅಧ್ಯಾಯ ಪೂರ್ತಿ ಓದಿದರೆ ಗೊತ್ತಾಗುತ್ತದೆ, ನಾವು ಗೋದಲಿಯಲ್ಲಿ ಇಟ್ಟ ಎಷ್ಟೋ ಸಾಮಾನು ಅಲ್ಲಿಲ್ಲ, ಅಲ್ಲಿರುವ ಎಷ್ಟೋ ಸಂಗತಿ ನಮ್ಮ ಗೋದಲಿಯಲ್ಲಿ ಇಲ್ಲ.

ಎತ್ತು, ಕತ್ತೆ ಕಥೆಯಲ್ಲಿ ಇಲ್ಲವೇ ಇಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ನಿಜವಾದ ಎತ್ತು ಕತ್ತೆಯನ್ನೇ ತಂದು ನಿಲ್ಲಿಸಿದರು. ಗೋದಲಿ ಕಟ್ಟುವ ಪದ್ಧತಿ ಹಬ್ಬಿದ್ದು ಅಲ್ಲಿಂದ. ಮೂಡಣದ ಜೋಯಿಸರು ಮೂವರು ಎಂದೂ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಮೂರು ಕಾಣಿಕೆ ಇವೆ, ಅಷ್ಟೇ. ಮಗನಿಗೆ ಇದು ದೊಡ್ಡ ಸುದ್ದಿ. ಹಾಗಾದರೆ ಹತ್ತು ಜನ ಬಂದಿರಬಹುದಾ? ಬಂದಿರಬಹುದು. ಅವನಿಗೆ ಖುಷಿಯೋ ಖುಷಿ. ಹಿಮದ ಲೆಕ್ಕದಲ್ಲಿ ಹತ್ತಿ ಹರಡಬೇಕೋ ಬೇಡವೋ ಎಂಬ ಚರ್ಚೆಯೂ ಆಯಿತು. ಡಿಸೆಂಬರಿನಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಊರು ನಮ್ಮದು. ಹತ್ತಿ ಹೋಯಿತು, ಒಣಹುಲ್ಲು ಬಂತು.

ಇದೆಲ್ಲ ಸುಮ್ನೆ ಮಾತು. ಭಾರವಾದದ್ದು ಬೇರೆ ಇದೆ.

ಮತ್ತಾಯನ ಆರಂಭದ ವಂಶಾವಳಿಯನ್ನು ಎಲ್ಲರೂ ಹಾರಿಸುತ್ತಾರೆ. ಇವನು ಅವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಎಂದು ಹೆಸರಿನ ಮೇಲೆ ಹೆಸರು. ನಡುವೆ ಹೆಂಗಸರು ಬರುತ್ತಾರೆ. ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ, ಕೊನೆಗೆ ಮರಿಯಳು. ತಾಮಾರಳ ಕಥೆ ಮಕ್ಕಳಿಗೆ ಹೇಳುವಂಥದ್ದಲ್ಲ. ರಾಹಾಬಳು ಸೂಳೆ ಎಂದು ಸತ್ಯವೇದವೇ ಹೇಳುತ್ತದೆ. ರೂತ್ ಪರಜಾತಿಯವಳು. ಊರೀಯನ ಹೆಂಡತಿಯ ಹೆಸರನ್ನು ಬರೆಯದೆ ಗಂಡನ ಹೆಸರು ಬರೆದು, ಆ ಗಂಡನನ್ನು ಕೊಲ್ಲಿಸಿ ಅವಳನ್ನು ಕಟ್ಟಿಕೊಂಡ ದಾವೀದ ರಾಜನ ಅನ್ಯಾಯವನ್ನು ಮತ್ತಾಯ ಮರೆಯಲು ಬಿಡುವುದಿಲ್ಲ. ನಮ್ಮಲ್ಲಿ ಮದುವೆ ಮಾತುಕತೆಗೆ ಕೂತಾಗ ಯಾರ ಮನೆಯವರು, ಯಾವ ಬರಿ (ಕುಲ), ಹಿಂದೆ ಏನಾದರೂ ಕಥೆ ಇದೆಯಾ ಎಂದು ಎಷ್ಟು ಕೆದಕುತ್ತೇವೆ. ಚರ್ಚಿಗೆ ಬಂದು ಎಷ್ಟು ತಲೆಮಾರಾದರೂ ಅದು ಹೋಗಿಲ್ಲ. ಯೇಸುವಿನ ಜಾತಕ ತಂದಿದ್ದರೆ ನಮ್ಮ ಅತ್ತೆ ಮಾವಂದಿರು ಸಂಬಂಧ ಬೇಡ ಅನ್ನುತ್ತಿದ್ದರು ಎಂದು ನಾನು ಹೇಳಿದೆ. ಮೇಜಿನ ಆ ಕಡೆಯಿಂದ ಅತ್ತೆ ಒಂದು ನೋಟ ನೋಡಿದರು. ಆಮೇಲೆ ನಕ್ಕರು ಕೂಡ.

ಲೂಕನಲ್ಲಿ ಮರಿಯಳು ಹಾಡುತ್ತಾಳೆ. ದೇವರು ಹಸಿದವರ ಹೊಟ್ಟೆ ತುಂಬಿಸಿದ, ಐಶ್ವರ್ಯ ಇದ್ದವರನ್ನು ಬರಿಗೈಯಲ್ಲಿ ಕಳಿಸಿದ, ಗದ್ದುಗೆ ಮೇಲಿದ್ದವರನ್ನು ಇಳಿಸಿದ ಎಂದು. ಕ್ವಾಯರಿನಲ್ಲಿ ನಾಲ್ಕು ಸ್ವರದಲ್ಲಿ ಹಾಡುವಾಗ ಇದು ಎಷ್ಟು ಖಾರದ ಮಾತು ಅಂತ ನನಗೆ ಗೊತ್ತಾಗಿರಲಿಲ್ಲ. ನಿಧಾನವಾಗಿ, ಓದುವ ದನಿಯಲ್ಲಿ ಕೇಳಿದಾಗ ಗೊತ್ತಾಯಿತು. ಮಗು ಹುಟ್ಟಿ ನಲವತ್ತು ದಿನಕ್ಕೆ ದೇವಾಲಯಕ್ಕೆ ಹೋದಾಗ ಅವರು ಕೊಡುವುದು ಒಂದು ಜೋಡಿ ಹಕ್ಕಿ. ಕುರಿಮರಿ ಕೊಡುವಷ್ಟು ಇಲ್ಲದವರಿಗೆ ಯಾಜಕಕಾಂಡದಲ್ಲಿ ಇಟ್ಟ ರಿಯಾಯಿತಿ ಅದು. ಬಡವರ ಮನೆಯ ಬಾಣಂತನ ಎಂದು ಎಲ್ಲೂ ಹೇಳದೆ ಲೂಕ ಎರಡು ಪಾರಿವಾಳದಲ್ಲಿ ಹೇಳಿ ಮುಗಿಸಿದ್ದಾನೆ. ಅದು ಓದಿದ ವರ್ಷ ನಾವು ಹೊಸ ಪರದೆ ತಗೊಳ್ಳುವುದನ್ನು ಬಿಟ್ಟೆವು. ಆ ದುಡ್ಡು ಎಲ್ಲಿಗೆ ಹೋಯಿತು ಎಂದು ಬರೆಯುವುದು ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುವೇ ಹೇಳಿಟ್ಟಿದ್ದಾರೆ.

ಎಲ್ಲಕ್ಕಿಂತ ಕಷ್ಟ ಹೆರೋದ ರಾಜನ ಭಾಗ. ಬೇತ್ಲೆಹೇಮಿನಲ್ಲಿ ಎರಡು ವರ್ಷದ ಒಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ್ದು. ಇದನ್ನು ಕ್ರಿಸ್ಮಸ್ ಕಾರ್ಡಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಪಕ್ಕದ ಬಾಯಿಯವರಲ್ಲಿ ಡಿಸೆಂಬರ್ 28ಕ್ಕೆ ಈ ಮಕ್ಕಳ ನೆನಪಿನ ದಿನ ಇದೆ. ನಮ್ಮಲ್ಲಿ ಆ ಹೊತ್ತಿಗೆ ಎಲ್ಲರೂ ವರ್ಷದ ಕೊನೆಯ ರಾತ್ರಿಯ ವಾಚ್‌ನೈಟ್ ಸರ್ವೀಸಿನ ತಯಾರಿಯಲ್ಲಿ ಇರುತ್ತೇವೆ. ಮಕ್ಕಳ ಮುಂದೆ ಓದುವುದಾ ಎಂದು ಗಂಡ ಹಿಂದೇಟು ಹಾಕಿದ. ನಿಯಮ ನಿಯಮವೇ ಎಂದು ಅತ್ತೆಯೇ ಪುಸ್ತಕ ತಗೊಂಡರು.

ಓದಿ ಮುಗಿದ ಮೇಲೆ ಮಗಳು ಕೇಳಿದಳು. ಯೋಸೇಫನಿಗೆ ಕನಸು ಬಿತ್ತು, ಅವರು ತಪ್ಪಿಸಿಕೊಂಡರು. ಉಳಿದ ಮನೆಯ ಅಪ್ಪಂದಿರಿಗೆ ಯಾಕೆ ಕನಸು ಬೀಳಲಿಲ್ಲ?

ಯಾರ ಹತ್ತಿರವೂ ಉತ್ತರ ಇರಲಿಲ್ಲ. ದೇವರ ಯೋಜನೆ ಎಂದು ಏನೋ ಒಂದು ಹೇಳಿಬಿಡಬಹುದಿತ್ತು. ಅಂಥ ಮಾತು ಸಾವಿನ ಮನೆಯಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಅತ್ತೆ ಹೇಳಿದ್ದು ಇಷ್ಟೇ: "ಗೊತ್ತಿಲ್ಲ ಮಗಾ. ರಾಹೇಲಳು ಅಳುತ್ತಾ ಸಮಾಧಾನವೇ ಬೇಡ ಅಂದಳು ಅಂತ ಮುಂದೆ ಬರೆದಿದೆ ನೋಡು. ಆ ಅಳುವನ್ನು ಯಾರೂ ಅಳಿಸಿಹಾಕಲಿಲ್ಲ. ಸತ್ಯವೇದದಲ್ಲೇ ಇಟ್ಟಿದ್ದಾರೆ." ಮಗಳಿಗೆ ಅದು ಸಾಕಾಯಿತೋ ಇಲ್ಲವೋ ಗೊತ್ತಿಲ್ಲ. ಆ ಪ್ರಶ್ನೆಯನ್ನು ಅವಳು ಇನ್ನೂ ಬಿಟ್ಟಿಲ್ಲ. ಬಿಡಬಾರದು ಕೂಡ. ಇಷ್ಟು ದೊಡ್ಡ ಪ್ರಶ್ನೆಯನ್ನು ಮನೆಯ ಮೇಜಿನಲ್ಲಿ ಕೇಳಬಹುದು ಎಂದು ಗೊತ್ತಾದ ಮಗು ನಾಳೆ ಚರ್ಚ್ ಬಿಟ್ಟು ಓಡುವುದು ಕಡಿಮೆ ಎಂದು ನನ್ನ ನಂಬಿಕೆ. ತಪ್ಪಿರಬಹುದು.

ಅದೇ ಅಧ್ಯಾಯ ನನ್ನ ಮೈದುನನಿಗೆ ಬೇರೆ ರೀತಿ ಕೇಳಿಸಿತು. ಅವನು ಶಾರ್ಜಾದಲ್ಲಿ ಇದ್ದಾನೆ. ಮಂಗಳೂರು, ಉಡುಪಿಯ ಎಷ್ಟು ಮನೆಗಳಲ್ಲಿ ಡಿಸೆಂಬರ್ ಅಂದರೆ ಗಲ್ಫಿನಿಂದ ರಜೆ ಸಿಕ್ಕಿತಾ ಇಲ್ಲವಾ ಎಂಬ ಒಂದೇ ಪ್ರಶ್ನೆ. ಸಿಗದ ವರ್ಷ ಅವನು ವೀಡಿಯೊ ಕಾಲ್‌ನಲ್ಲಿ ಕೂರುತ್ತಾನೆ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಡುತ್ತೇವೆ. ಯೋಸೇಫನು ರಾತ್ರಿಯೇ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಹೋದ ಎಂದು ಓದುವಾಗ ಅವನು ಆ ಕಡೆಯಿಂದ ಕೇಳಿದ, ಅಲ್ಲಿ ಯೋಸೇಫ ಏನು ಕೆಲಸ ಮಾಡಿದ ಅತ್ತಿಗೆ, ಭಾಷೆ ಗೊತ್ತಿತ್ತಾ, ರೂಮು ಯಾರು ಕೊಟ್ಟರು? ಸುವಾರ್ತೆಯಲ್ಲಿ ಅದಿಲ್ಲ. ಹೆರೋದ ಸಾಯುವ ತನಕ ಅಲ್ಲಿದ್ದರು ಅಂತ ಮಾತ್ರ ಇದೆ. ಪರದೇಶದಲ್ಲಿ ದಿನ ಎಣಿಸುವವನಿಗೆ ಆ ಒಂದು ಸಾಲಿನೊಳಗೆ ಎಷ್ಟು ಇದೆ ಅಂತ ನಮಗೆ ಅವನಿಂದ ಗೊತ್ತಾಯಿತು. ಯಾವ ಪ್ರಸಂಗದಲ್ಲೂ ಇದು ಬಂದಿರಲಿಲ್ಲ.

ಸಾಂತಾ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನನಗೆ ಅವನ ಮೇಲೆ ಕೋಪ ಇಲ್ಲ. ಮೂಲದಲ್ಲಿ ಅವನು ನಾಲ್ಕನೇ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೋಲಸ್. ಕ್ಯಾರಲ್ಸ್ ತಂಡದಲ್ಲಿ ಮುಖವಾಡ ಹಾಕಿಕೊಂಡು ಬೆವರುತ್ತಾ ಕುಣಿಯುವ ಹುಡುಗ ನಮ್ಮ ಸಭೆಯವನೇ. ಅವನಿಗೆ ನೀರು ಕೊಡಿ, ಸಾಕು.

ಇನ್ನು ತಟ್ಟೆಯ ವಿಷಯ. ಕರಿದದ್ದರಲ್ಲಿ ಅರ್ಧ ನೆರೆಮನೆಗಳಿಗೆ ಹೋಗುತ್ತದೆ, ಹಿಂದೂಗಳಿಗೆ, ಬ್ಯಾರಿ ಮುಸ್ಲಿಮರಿಗೆ. 2008ರ ಸೆಪ್ಟೆಂಬರಿನಲ್ಲಿ ಇಲ್ಲಿ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಆ ವರ್ಷ ತಟ್ಟೆ ಕಳಿಸುವುದಾ ಬೇಡವಾ ಎಂದು ಮನೆಯಲ್ಲಿ ಮಾತಾಯಿತು. ಭಯ ಇತ್ತು, ಸಿಟ್ಟೂ ಇತ್ತು. ನಕ್ಷತ್ರ ಕಟ್ಟುವುದು ಬೇಡ ಎಂದವರೂ ಇದ್ದರು. ಅತ್ತೆ ನಕ್ಷತ್ರವನ್ನೂ ಕಟ್ಟಿಸಿದರು, ತಟ್ಟೆಯನ್ನೂ ಕಳಿಸಿದರು. ಅವರ ಪ್ರಕಾರ ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ವಿಶ್ವಾಸ ಅಂದರೆ ಏನು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ವರ್ಷದ ತಟ್ಟೆಗಳು. ಈಗ ಎದುರು ಮನೆಯ ಹುಡುಗಿ ಕಿಡಿಯೊ ಸುತ್ತಲು ಬಂದು ಕೂರುತ್ತಾಳೆ. ಬಾಚಣಿಗೆಯ ಮೇಲೆ ಅವಳಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಸುತ್ತುವುದಿಲ್ಲ. ಕಥೆ ಕೇಳಿ ಅವಳದೊಂದು ಅಭಿಪ್ರಾಯವೂ ಬಂತು. ಹೆರೋದ ಥೇಟ್ ಕಂಸನ ಹಾಗೆ ಅಲ್ವಾ ಆಂಟಿ? ಹೌದು ಎಂದೆ. ಅಂಥ ರಾಜರು ಎಲ್ಲ ಕಡೆ ಇದ್ದರು ಎಂದು ಅತ್ತೆ ಸೇರಿಸಿದರು.

ನಾವು ಕಿಡಿಯೊ ಇಟ್ಟುಕೊಳ್ಳುವುದು ಆಗಮನ ಕಾಲದಲ್ಲಿ, ಹಬ್ಬಕ್ಕೆ ಒಂದೆರಡು ವಾರ ಮೊದಲು. ನಾಲ್ಕು ಭಾನುವಾರಗಳ ಈ ಕಾಲ ಕಾಯುವುದಕ್ಕೆ ಇರುವುದು. ನಮ್ಮಲ್ಲಿ ಕಾಯಲು ಯಾರಿಗೂ ಪುರುಸೊತ್ತಿಲ್ಲ, ಡಿಸೆಂಬರ್ ಒಂದಕ್ಕೇ ಕೇಕ್ ಕತ್ತರಿಸಿ ಆಗಿರುತ್ತದೆ. 1839ರಲ್ಲಿ ಹ್ಯಾಂಬರ್ಗಿನಲ್ಲಿ ವಿಖರ್ನ್ ಎಂಬ ಪಾದ್ರಿ ಬಡ ಮಕ್ಕಳ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ಕೇಳಿ ಕೇಳಿ ತಲೆ ತಿನ್ನುತ್ತಿದ್ದರಂತೆ. ಅವರು ಗಾಡಿಯ ಹಳೆ ಚಕ್ರಕ್ಕೆ ಮೇಣದ ಬತ್ತಿ ಸಿಕ್ಕಿಸಿ ದಿನಕ್ಕೊಂದು ಹಚ್ಚಿಸಿದರು, ಭಾನುವಾರಕ್ಕೆ ದೊಡ್ಡದು. ಈಗ ಚರ್ಚುಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸಿರು ಬಳೆ ಅದರಿಂದ ಬಂದದ್ದು. ಮನೆಯಲ್ಲಿ ನಾವೂ ಒಂದು ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬತ್ತಿ ಇಡುತ್ತೇವೆ. ಅದನ್ನು ಹಚ್ಚುವ ಭಾನುವಾರ ಸಂಜೆ ಹೊರಗಿನ ಯಾವ ಕಾರ್ಯಕ್ರಮವನ್ನೂ ಒಪ್ಪುವುದಿಲ್ಲ, ಚರ್ಚಿನದ್ದಾದರೂ ಸರಿ. ಇದಕ್ಕೆ ಸಭೆಯಲ್ಲಿ ಕೆಲವರು ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ಓದಿನ ಕೊನೆಯ ಭಾಗವನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಲೂಕನಲ್ಲಿ ಸಿಮೆಯೋನ ಮತ್ತು ಅನ್ನ ಬರುವ ಭಾಗ. ಇಬ್ಬರೂ ವಯಸ್ಸಾದವರು, ಕಾದು ಕೂತವರು. ಅನ್ನಳು ವಿಧವೆ, ಎಂಬತ್ತನಾಲ್ಕು ವರ್ಷ ಎಂದು ಬರೆದಿದೆ, ಅದು ಅವಳ ವಯಸ್ಸೋ ವಿಧವೆಯಾಗಿ ಕಳೆದ ಕಾಲವೋ ಸ್ಪಷ್ಟವಿಲ್ಲ. ಇದನ್ನು ಓದುವುದು ಹಬ್ಬ ಕಳೆದ ಮೇಲೆ, ಕ್ರಿಸ್ಮಸ್ ಕಾಲ ಮುಗಿಯುವ ಜನವರಿ 6ರ ಒಳಗೆ, ಅದೂ ನಮ್ಮ ಮನೆಯಲ್ಲಿ ಅಲ್ಲ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಇಲ್ಲಿ ಒಂಟಿಯಾಗಿರುವ ಹಿರಿಯರು ನಮ್ಮ ಸಭೆಯಲ್ಲಿ ಬೇಕಾದಷ್ಟು ಇದ್ದಾರೆ. ಹಬ್ಬದ ದಿನ ಅವರ ಮನೆಗೆ ಜನ ಬರುತ್ತಾರೆ, ಕೇಕ್ ಬರುತ್ತದೆ. 27ರ ನಂತರ ಯಾರೂ ಇಲ್ಲ. ಅವರಲ್ಲಿ ಒಬ್ಬರ ಮನೆಗೆ ಡಬ್ಬಿ ಹಿಡಿದು ಹೋಗಿ ಅಲ್ಲಿ ಓದುತ್ತೇವೆ. ಮೊದಲ ಸಲ ಹೋದಾಗ ಆ ಅಜ್ಜಿ ಕಿಡಿಯೊ ನೋಡಿ, ಇದನ್ನು ಜಗಿಯಲು ನನ್ನ ಹಲ್ಲು ಯಾರು ತಂದುಕೊಡುತ್ತಾರೆ ಎಂದು ಕೇಳಿದರು. ಆಮೇಲಿಂದ ಮೆತ್ತಗಿನ ಕೇಕ್ ಒಯ್ಯುತ್ತೇವೆ.

ಈ ಸಲ ಮೈದುನನಿಗೆ ರಜೆ ಸಿಕ್ಕಿದೆ. ಮತ್ತಾಯನ ಎರಡನೇ ಅಧ್ಯಾಯ ತಾನೇ ಓದುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದ್ದಾನೆ. ಹೆರೋದನ ಭಾಗ ಬಿಟ್ಟುಕೊಡಲು ಅತ್ತೆ ತಯಾರಿಲ್ಲ. ತುಳುವಿನಲ್ಲಿ ಓದುತ್ತೇನೆ, ನಿಮಗೆಲ್ಲ ಓದಲು ಎಲ್ಲಿ ಬರುತ್ತದೆ ಎಂದು ಅವರ ವಾದ. ಮಗಳು ವಂಶಾವಳಿ ಹಿಡಿದುಕೊಂಡಿದ್ದಾಳೆ. ಅಮ್ಮೀನಾದಾಬ, ಶೆಯಲ್ತಿಯೇಲ, ಜೆರುಬ್ಬಾಬೆಲ ಎಂದು ಬಸ್‌ಸ್ಟ್ಯಾಂಡಿನಲ್ಲೂ ಅಭ್ಯಾಸ ನಡೆದಿದೆ. ಮೈದಾ ಬಂದಿದೆ. ತೆಂಗಿನಕಾಯಿ ಈ ವರ್ಷ ಗಂಡನೇ ತುರಿಯಬೇಕು ಎಂದು ತೀರ್ಮಾನವಾಗಿದೆ, ಅವನು ಇನ್ನೂ ಒಪ್ಪಿಲ್ಲ.